ಬಸವರಾಜದುರ್ಗದ ಸಲುವಾಗಿ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ,

ಹೊನ್ನಾವರದ ಕರೆಯಿಂದ ಕಣ್ಣಳತೆಯಲ್ಲೇ ಕಾಣುವ ಬಸವರಾಜದುರ್ಗದ ನಡುಗಡ್ಡೆಗೆ ಮೀನುಗಾರರ ದೋಣಿಯಲ್ಲಿ ಹೋಗಿಬಂದವನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದಿಷ್ಟೆ: ಆ ದುರ್ಗವನ್ನು ಉಳಿಸಿರಿ, ಆದರೆ ಹೊಸದು ಮಾಡಬೇಡಿರಿ.

1569ರಿಂದ ಹೊನ್ನಾವರದಲ್ಲಿ ನೆಲೆಯೂರಿ ಮೆಣಸಿನ ವ್ಯಾಪಾರವನ್ನು ಬಿಗಿಹಿಡಿಯಲೆಳಸಿದ ಪೋರ್ತುಗೀಸರನ್ನು ಮುಂದಿನ ಶತಮಾನದ ನಡುವಿನಲ್ಲಿ ಹೊರಗಟ್ಟಿದ ಕೆಳದಿಯ ಅರಸರೇ ಈ ನಡುಗಡ್ಡೆಗೂ ಕೋಟೆಯನ್ನಿಕ್ಕಿದವರು. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲಿನ ಕಥೆಯನ್ನು ತಾವು ಬಲ್ಲಿರಿ, ಇಲ್ಲಿ ವಿಸ್ತರಿಸುವುದಿಲ್ಲ.

ನನ್ನ ಮಾತು ಗೋಡೆಯನ್ನು ಕುರಿತದ್ದು. ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಬಿಸಿಲಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಯಾಗುವ ಕೆಂಪು ಚಿರೇಕಲ್ಲಿನ ಆ ಗೋಡೆ ಮೈಯೆಲ್ಲ ಜೇನುಹಟ್ಟಿಯಂತೆ ತೂತುತೂತಾಗಿದ್ದು, ಹಕ್ಕಿಯೊಂದು ಉದುರಿಸಿದ ಗೋಳಿಯ ಬೀಜ ಆ ತೂತಿನಲ್ಲಿ ಮೊಳೆತು, ನೂಲಿನಷ್ಟು ತೆಳುವಾದ ಬೇರನ್ನು ಸಂದಿಗೆ ಇಳಿಬಿಟ್ಟು, ಕಾಲಕ್ರಮದಲ್ಲಿ ತೋಳಿನ ಗಾತ್ರಕ್ಕೆ ಬೆಳೆದು, ನಾಲ್ಕಾಳು ಎತ್ತುವ ಕಲ್ಲನ್ನೂ ಸದ್ದಿಲ್ಲದೆ ಪಕ್ಕಕ್ಕೆ ಸರಿಸಿಬಿಡುತ್ತದೆ. ಅಂಥ ಬೇರನ್ನು ಕೀಳಹೊರಟರೆ ಗೋಡೆಯೇ ಅದರ ಹಿಂದೆ ಬರುವುದು. ಬುಡವನ್ನು ಕಡಿದು, ಬೇರನ್ನು ಇದ್ದಲ್ಲೇ ಸಾಯಗೊಟ್ಟು, ಆಮೇಲೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬಬೇಕು. ಸಿಮೆಂಟು ಮಾತ್ರ ಕೂಡದು. ಅದು ಚಿರೇಕಲ್ಲಿಗಿಂತ ಕಠಿನವಾದುದರಿಂದ, ಕಡಲಿನ ಉಪ್ಪುತೇವ ಹೊರಬರಲು ಎಡೆಯಿಲ್ಲದೆ ಕಲ್ಲಿನೊಳಗೇ ನಿಂತು, ಗಾರೆ ಉಳಿದು ಕಲ್ಲು ಪುಡಿಯಾಗುವ ವೈಪರೀತ್ಯ ಒದಗುತ್ತದೆ. ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಬಣ್ಣ ಬಳಿದು, ಕಟಕಟೆ ಹಾಕಿ, ಹೊಳೆಯುವ ನೆಲಹಾಸು ಹೊದಿಸುವ ಉತ್ಸಾಹವನ್ನು ಬೇರೆಡೆ ಕಂಡು ನಾನು ಬೆದರಿದ್ದೇನೆ. ಕಾಲನಿಗಿಂತ ಗುತ್ತಿಗೆದಾರನೇ ಕೋಟೆಗಳಿಗೆ ಹೆಚ್ಚು ಅಪಾಯಕಾರಿಯೆಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಆದಕಾರಣ, ಒಂದು ಕಲ್ಲನ್ನೂ ಕದಲಿಸುವ ಮೊದಲು ಕೋಟೆಯ ಸುತ್ತು, ಬಾಗಿಲು, ಬಾವಿಗಳನ್ನು ಬಲ್ಲವರಿಂದ ಅಳೆಸಿ ನಕ್ಷೆ ಬರೆಯಿಸಬೇಕೆಂದೂ, ಜೆಟ್ಟಿ ಕಟ್ಟುವ ಹೆಸರಿನಲ್ಲಿ ಬಂಡೆಗಳನ್ನೊಡೆಯದೆ, ಅಲೆಯ ವರಸೆಯನ್ನರಿತ ಸುತ್ತಣ ಮೀನುಗಾರರ ದೋಣಿಗಳಿಗೇ ಯಾತ್ರಿಕರನ್ನು ಕರೆದೊಯ್ಯುವ ಕೆಲಸವನ್ನೂ ಅದರ ಸಂಪಾದನೆಯನ್ನೂ ಬಿಡಬೇಕೆಂದೂ ಬೇಡಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗಲಾರದು. ದೀಪಾವಳಿ ಕಳೆದೊಡನೆ ಅಳತೆಗೆ ತೊಡಗಿದರೆ ಯುಗಾದಿಯೊಳಗೆ ಮುಗಿಸಬಹುದು.

ಇಂತು ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಾಗರಿಕ