ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟುವ ವಿಷಾನಿಲ: ಡಬ್ಬಿಯ ಮೇಲೆ ಕನ್ನಡದ ಎಚ್ಚರಿಕೆ ಬೇಕು



ವೆಲ್ಡಿಂಗ್‌ಗೆ ಮೊದಲು ಲೋಹದ ಮೇಲಿನ ಎಣ್ಣೆಜಿಡ್ಡು ತೆಗೆಯಲು ಬಳಸುವ ಕೆಲವು ದ್ರಾವಕಗಳು ಆರ್ಕ್‌ನ ಶಾಖಕ್ಕೋ ಬೆಳಕಿಗೋ ಸಿಕ್ಕರೆ ಒಡೆದು ಫಾಸ್ಜೀನ್ ಎಂಬ ಅನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ 1915ರಿಂದ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಆ ಯುದ್ಧದಲ್ಲಿ ವಿಷಾನಿಲಕ್ಕೆ ಬಲಿಯಾದವರಲ್ಲಿ ಬಹುಪಾಲು ಜನ ಸತ್ತದ್ದು ಇದರಿಂದಲೇ. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮಿಥೈಲ್ ಐಸೊಸಯನೇಟ್ ತಯಾರಿಸಲು ಬಳಕೆಯಾಗುತ್ತಿದ್ದದ್ದೂ ಫಾಸ್ಜೀನೇ. 1984ರ ದುರಂತಕ್ಕೆ ಮೂರು ವರ್ಷ ಮೊದಲೇ, 1981ರ ಡಿಸೆಂಬರ್‌ನಲ್ಲಿ, ಅಲ್ಲಿನ ಒಬ್ಬ ಕಾರ್ಮಿಕ ಈ ಅನಿಲ ಸೇವಿಸಿ ಸತ್ತಿದ್ದ. ಇಷ್ಟು ಕ್ರೂರವಾದ ವಸ್ತು ಊರೂರಿನ ಗ್ಯಾರೇಜುಗಳಲ್ಲಿ, ಗ್ರಿಲ್-ಗೇಟು ಮಾಡುವ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಯಾರ ಗಮನಕ್ಕೂ ಬಾರದೆ ಹುಟ್ಟಬಹುದು. ಹಾಗಿದ್ದೂ ದ್ರಾವಕದ ಡಬ್ಬಿಯ ಮೇಲೆ ಅಲ್ಲಿನ ಕೆಲಸಗಾರ ಓದಬಲ್ಲ ಭಾಷೆಯಲ್ಲಿ ಒಂದು ಸಾಲಿನ ಎಚ್ಚರಿಕೆಯೂ ಕಡ್ಡಾಯವಾಗಿಲ್ಲ. ಈ ಪತ್ರದ ಆಕ್ಷೇಪ ಇರುವುದು ಅದಕ್ಕೆ.

ಜಿಡ್ಡು ತೆಗೆಯುವ ಎಲ್ಲ ದ್ರವಗಳೂ ಈ ಬಗೆಯವಲ್ಲ. ಪೆಟ್ರೋಲ್, ಥಿನ್ನರ್, ಅಸಿಟೋನ್‌ಗಳ ಅಪಾಯ ಬೆಂಕಿಯದು. ಅದು ಎಲ್ಲರಿಗೂ ಗೊತ್ತು, ಕಿಡಿ ಹಾರುವ ಮೊದಲು ಅವುಗಳ ಕ್ಯಾನನ್ನು ಹೆಲ್ಪರ್ ಹುಡುಗನೂ ದೂರ ಇಡುತ್ತಾನೆ. ಫಾಸ್ಜೀನ್ ಕೊಡುವವು ಕ್ಲೋರಿನ್ ಸೇರಿದ ದ್ರಾವಕಗಳು: ಟ್ರೈಕ್ಲೋರೊಎಥಿಲೀನ್, ಡ್ರೈಕ್ಲೀನಿಂಗ್‌ಗೂ ಬಳಸುವ ಟೆಟ್ರಾಕ್ಲೋರೊಎಥಿಲೀನ್, ಬಣ್ಣ ಕೀಳುವ ದ್ರವದಲ್ಲಿರುವ ಮೆಥಿಲೀನ್ ಕ್ಲೋರೈಡ್ ಮೊದಲಾದವು. ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ, ಲೋಹ ತೊಳೆಯುವ ಡೀಗ್ರೀಸರ್‌ಗಳಲ್ಲಿ ಇವು ಇರುತ್ತವೆ. ಇವುಗಳಿಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ‘ನಾನ್-ಫ್ಲೇಮಬಲ್’ ಎಂದು ಅಚ್ಚಾಗಿರುತ್ತದೆ. ಮೋಸ ಅಡಗಿರುವುದು ಅಲ್ಲಿಯೇ. ಬೆಂಕಿ ಹತ್ತದ ದ್ರವವೆಂದರೆ ವೆಲ್ಡಿಂಗ್ ಪಕ್ಕದಲ್ಲಿ ಬಳಸಲು ಅಡ್ಡಿಯಿಲ್ಲ ಎಂದು ಯಾರೇ ಆದರೂ ಭಾವಿಸುತ್ತಾರೆ. ಭಾರತದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡನ್ನು ಲೋಹ ತೊಳೆಯಲು ಬಳಸುವುದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ನಿಂತಿತು. ಓಝೋನ್ ಪದರಕ್ಕೆ ಅದರಿಂದ ಒಳಿತಾಯಿತು. ಆದರೆ ಅದರ ಬದಲಿಗೆ ಬಂದ ದ್ರಾವಕಗಳಲ್ಲಿ ಟ್ರೈಕ್ಲೋರೊಎಥಿಲೀನ್ ಕೂಡ ಒಂದು.

ದ್ರಾವಕ ಅನಿಲವಾಗಲು ಎರಡು ದಾರಿಗಳಿವೆ. ಮೊದಲನೆಯದು ಶಾಖ. ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದ ಮೇಲೂ ಎರಡು ತಗಡುಗಳ ನಡುವಿನ ಸಂದಿನಲ್ಲಿ, ಬೋಲ್ಟಿನ ಮರೆಯಲ್ಲಿ, ಸೈಲೆನ್ಸರ್ ಪೈಪಿನ ಒಳಗೆ ಹನಿಯಷ್ಟು ಉಳಿದಿರುತ್ತದೆ. ಮೇಲ್ಮೈ ಒಣಗಿ ಕಾಣುವುದರಿಂದ ಸಂಶಯ ಬರುವುದಿಲ್ಲ. ಎರಡನೆಯದು ಆರ್ಕ್‌ನ ನೇರಳಾತೀತ ಕಿರಣ. ಟಿಗ್, ಮಿಗ್ ವೆಲ್ಡಿಂಗ್‌ನಲ್ಲಿ, ಅದರಲ್ಲೂ ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಬೆಸೆಯುವಾಗ, ಈ ಕಿರಣ ತೀಕ್ಷ್ಣ. ಶೆಡ್ಡಿನ ಇನ್ನೊಂದು ತುದಿಯಲ್ಲಿ ತೆರೆದಿಟ್ಟ ಟ್ರೇಯಿಂದ ಏಳುವ ಆವಿಯನ್ನೂ ಅದು ಒಡೆಯಬಲ್ಲದು. ಅಂದರೆ ಬೆಸೆಯುವ ತುಂಡನ್ನು ಚೆನ್ನಾಗಿ ಒಣಗಿಸಿದರಷ್ಟೇ ಸಾಲದು. ಕ್ಲೋರಿನ್ ದ್ರಾವಕದಲ್ಲಿ ತೊಳೆಯುವ ಜಾಗದ ಆವಿ ವೆಲ್ಡಿಂಗ್ ಜಾಗಕ್ಕೆ ಬರಲೇಬಾರದು ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ನಿಯಮ ಸ್ಪಷ್ಟ ಮಾತಿನಲ್ಲಿ ಹೇಳುವುದು ಇದೇ ಕಾರಣಕ್ಕೆ. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಅನಿಲದಲ್ಲೂ ಕ್ಲೋರಿನ್ ಇದೆ. ಅದು ಪೂರ್ತಿ ಖಾಲಿಯಾಗುವ ಮೊದಲೇ ತಾಮ್ರದ ಕೊಳವೆಗೆ ಬೆಸುಗೆ ಹಾಕುವ ಮೆಕ್ಯಾನಿಕ್‌ಗೂ ಈ ಗಂಡಾಂತರ ತಪ್ಪಿದ್ದಲ್ಲ.

ಎಷ್ಟು ಅನಿಲ ಅಪಾಯಕಾರಿ? 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ ಫಾಸ್ಜೀನ್‌ಗೆ ಹಾಕಿದ್ದ ಮಿತಿ 0.1 ಪಿಪಿಎಂ, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 0.4 ಮಿಲಿಗ್ರಾಂ. ತಕ್ಷಣ ಪ್ರಾಣಕ್ಕೆ ಅಪಾಯವೆಂದು ಅಮೆರಿಕದ ತಜ್ಞ ಸಂಸ್ಥೆ ಗುರುತಿಸಿರುವ ಮಟ್ಟ 2 ಪಿಪಿಎಂ. 10 ಅಡಿ ಅಗಲ, 20 ಅಡಿ ಉದ್ದ, 10 ಅಡಿ ಎತ್ತರದ ಶೆಡ್ಡಿನಲ್ಲಿ ಸುಮಾರು 57 ಘನ ಮೀಟರ್ ಗಾಳಿ ಇರುತ್ತದೆ. ಮಳೆಗೆಂದು ಶಟರ್ ಎಳೆದ ಅಂಥ ಶೆಡ್ಡಿನಲ್ಲಿ ಕೇವಲ 1 ಗ್ರಾಂ ಫಾಸ್ಜೀನ್ ಹರಡಿದರೂ ಅದು ಕಾಯ್ದೆಯ ಮಿತಿಯ 40 ಪಟ್ಟು ದಾಟುತ್ತದೆ, 2 ಪಿಪಿಎಂ ಮಟ್ಟದ ಇಮ್ಮಡಿಯಾಗುತ್ತದೆ. ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ನೆಲಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು, ವಾಹನದಡಿ ಮಲಗಿ ಕೆಲಸ ಮಾಡುವವರ ಮೂಗು ಇರುವುದು ಅಲ್ಲಿಯೇ.

ದೇಹದೊಳಗೆ ಇದು ಮಾಡುವ ಹಾನಿಯ ಕ್ರಮವೇ ವಿಚಿತ್ರ, ವೈದ್ಯರನ್ನೂ ದಾರಿ ತಪ್ಪಿಸುವಂಥದ್ದು. ಕ್ಲೋರಿನ್ ಅಥವಾ ಅಮೋನಿಯ ಸೋರಿದರೆ ಕಣ್ಣು ಉರಿದು, ಗಂಟಲು ಕಟ್ಟಿ ಮನುಷ್ಯ ತಾನಾಗಿ ಹೊರಗೆ ಓಡುತ್ತಾನೆ. ಫಾಸ್ಜೀನ್ ನೀರಿನಲ್ಲಿ ಅಷ್ಟಾಗಿ ಕರಗದು. ಹಾಗಾಗಿ ಮೂಗು, ಗಂಟಲಿನ ತೇವವನ್ನು ದಾಟಿ ನೇರ ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡುಗಳಿಗೆ ಇಳಿಯುತ್ತದೆ. ಅದರ ವಾಸನೆ ಮುಗ್ಗಲು ಹಿಡಿದ ಹುಲ್ಲಿನದು. ಆ ವಾಸನೆ ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿಯ ಹಲವು ಪಟ್ಟು ಅನಿಲ ಗಾಳಿಯಲ್ಲಿ ಸೇರಿರುತ್ತದೆ. ಸಣ್ಣ ಕೆಮ್ಮು ಬಂದು ನಿಲ್ಲುತ್ತದೆ. ಕೆಲಸಗಾರ ಚಹಾ ಕುಡಿದು ಮತ್ತೆ ಕೆಲಸಕ್ಕೆ ಕೂರುತ್ತಾನೆ, ಸಂಜೆ ಮನೆಗೆ ಹೋಗುತ್ತಾನೆ. ಈ ನಡುವೆ ಗಾಳಿಗೂಡುಗಳ ತೆಳುಗೋಡೆ ಸೀಳುತ್ತಾ ಇರುತ್ತದೆ, ರಕ್ತನಾಳದ ದ್ರವ ಒಳಗೆ ಒಸರುತ್ತದೆ. ಕೆಲವು ಗಂಟೆಗಳಿಂದ ಹಿಡಿದು ಎರಡು ದಿನಗಳೊಳಗೆ ಉಸಿರು ಕಟ್ಟತೊಡಗುತ್ತದೆ. ಆಗ ಆಸ್ಪತ್ರೆಗೆ ಓಡಿದರೆ ನ್ಯುಮೋನಿಯ ಎಂದೋ ಹೃದಯದ ತೊಂದರೆ ಎಂದೋ ಚಿಕಿತ್ಸೆ ಶುರುವಾಗುವ ಸಂಭವ ಹೆಚ್ಚು, ಏಕೆಂದರೆ ಹಿಂದಿನ ದಿನ ಹೊಡೆದ ಸ್ಪ್ರೇ ರೋಗಿಯ ನೆನಪಿಗೂ ಬರುವುದಿಲ್ಲ, ವೈದ್ಯರು ಕೇಳುವುದೂ ಇಲ್ಲ. ಟ್ರೈಕ್ಲೋರೊಎಥಿಲೀನ್ ವೆಲ್ಡಿಂಗ್‌ನಲ್ಲಿ ಒಡೆದು ಶ್ವಾಸಕೋಶ ಕೆಡಿಸಿದ ಪ್ರಕರಣವನ್ನು ಸ್ವೀಡನ್ನಿನ ವೈದ್ಯರು 1991ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಸಂಗತಿ ಹೊಸದಲ್ಲ, ಅದು ಶೆಡ್ಡಿನವರೆಗೆ ತಲುಪಿಲ್ಲ, ಅಷ್ಟೆ.

ಫಾಸ್ಜೀನ್‌ಗೆ ಪ್ರತಿವಿಷ ಇಲ್ಲ. ಹೊಗೆ ಕುಡಿದವರು ಬೆಲ್ಲ ತಿಂದರೆ, ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವೆಲ್ಡರುಗಳಲ್ಲಿ ಬೇರೂರಿದೆ. ಶ್ವಾಸಕೋಶಕ್ಕೆ ಇಳಿದ ಅನಿಲವನ್ನು ಅವೆರಡೂ ಮುಟ್ಟಲಾರವು. ಮುಖಕ್ಕೆ ಕಟ್ಟಿದ ಕರವಸ್ತ್ರವಾಗಲಿ ಎನ್-95 ಮಾಸ್ಕ್ ಆಗಲಿ ಧೂಳನ್ನು ತಡೆಯಬಹುದು, ಅನಿಲವನ್ನಲ್ಲ. ಸಂಶಯ ಬಂದ ಕೂಡಲೇ ಹೊರಗಿನ ಗಾಳಿಗೆ ಬರಬೇಕು, ನಡೆದಾಡದೆ ವಿಶ್ರಾಂತಿ ಪಡೆಯಬೇಕು. ಶ್ರಮ ಪಟ್ಟಷ್ಟೂ ಸ್ಥಿತಿ ಬಿಗಡಾಯಿಸುತ್ತದೆ. ಆರಾಮವಾಗಿದ್ದೇನೆ ಅನ್ನಿಸಿದರೂ ಕನಿಷ್ಠ ಒಂದು ದಿನ ಆಸ್ಪತ್ರೆಯ ನಿಗಾದಲ್ಲಿರಬೇಕು. ಡಬ್ಬಿಯನ್ನೂ ಜೊತೆಗೆ ಒಯ್ದು ವೈದ್ಯರಿಗೆ ತೋರಿಸಬೇಕು.

ಇನ್ನು ಕಾನೂನು. 0.1 ಪಿಪಿಎಂ ಮಿತಿ ಅನ್ವಯವಾಗುತ್ತಿದ್ದದ್ದು ಕಾಯ್ದೆಯ ಲೆಕ್ಕದಲ್ಲಿ ‘ಕಾರ್ಖಾನೆ’ ಅನ್ನಿಸಿಕೊಂಡ ಕಡೆ. 1948ರ ಕಾಯ್ದೆಯಲ್ಲಿ ವಿದ್ಯುತ್ ಬಳಸಿ 10 ಜನ ದುಡಿದರೆ ಅದು ಕಾರ್ಖಾನೆಯಾಗಿತ್ತು. ಅದರ ಬದಲಿಗೆ 2025ರಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಪೀಣ್ಯದ ಒಳರಸ್ತೆಗಳಲ್ಲಾಗಲಿ, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಾಗಲಿ ಮಾಲೀಕ, ಮೇಸ್ತ್ರಿ, ಇಬ್ಬರು ಹೆಲ್ಪರುಗಳು ಇರುವ ಶೆಡ್ಡು ಎರಡೂ ಲೆಕ್ಕದ ಹೊರಗೆ ಉಳಿಯುತ್ತದೆ. ಅತಿ ಕಡಿಮೆ ಗಾಳಿಯಾಡುವ ಜಾಗಕ್ಕೆ ಅತಿ ಕಡಿಮೆ ರಕ್ಷಣೆ ಎಂಬುದು ಯಾವ ದೃಷ್ಟಿಯಿಂದಲೂ ನ್ಯಾಯವಲ್ಲ. ಲೇಬಲ್ಲಿನ ಗತಿಯೂ ಇದೇ. ಪೊಟ್ಟಣದ ಮೇಲಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಕ್ಕೆ ಸಾಕು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಕನ್ನಡವನ್ನು ಕೇಳುವುದು ಇಲ್ಲೇ ತಯಾರಾದ ಸರಕಿನ ಮೇಲೆ. ಹೊರರಾಜ್ಯದಿಂದಲೋ ವಿದೇಶದಿಂದಲೋ ಬಂದ ಸ್ಪ್ರೇ ಡಬ್ಬಿಯ ಬೆನ್ನಿನ ಇರುವೆಗಾತ್ರದ ಅಕ್ಷರಗಳನ್ನು ಕೆಲಸಗಾರ ಓದಲಾರ.

ಇಷ್ಟು ಕಟ್ಟುನಿಟ್ಟು ಮಾಡಿದರೆ ಸಣ್ಣ ಉದ್ಯಮ ಉಳಿಯುವುದಿಲ್ಲ ಎಂಬ ವಾದ ಬರಬಹುದು. ಇಲ್ಲಿ ಆ ವಾದ ನಿಲ್ಲದು. ಸೋಪಿನ ಬಿಸಿನೀರು, ನೀರಿನಲ್ಲಿ ಕರಗುವ ಡೀಗ್ರೀಸರ್, ವೈರ್ ಬ್ರಷ್, ಗ್ರೈಂಡರ್ ಇವಿಷ್ಟರಿಂದಲೇ ಹೆಚ್ಚಿನ ಜಿಡ್ಡು ಹೋಗುತ್ತದೆ. ಅಸಿಟೋನ್ ಬಳಸುವುದಾದರೆ ಪೂರ್ತಿ ಆರಲು ಬಿಟ್ಟು, ಬಾಟಲಿಯನ್ನೂ ಒರೆಸಿದ ಬಟ್ಟೆಯನ್ನೂ ಹೊರಗಿಟ್ಟು ಕೆಲಸ ಶುರು ಮಾಡಿದರಾಯಿತು. ಕ್ಲೋರಿನ್ ಬ್ರೇಕ್ ಕ್ಲೀನರುಗಳನ್ನು ಕ್ಯಾಲಿಫೋರ್ನಿಯ 2000ದ ದಶಕದ ಆರಂಭದಲ್ಲೇ ಮಾರುಕಟ್ಟೆಯಿಂದ ತೆಗೆಸಿತು. ಅಲ್ಲಿ ಗ್ಯಾರೇಜುಗಳೇನೂ ಮುಚ್ಚಲಿಲ್ಲ.

ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ಪ್ರತಿ ಮಾರ್ಚ್ 4ರ ಸುರಕ್ಷತಾ ದಿನದಲ್ಲಿ ಈ ವಿಷಯವನ್ನು ಸಣ್ಣ ಶೆಡ್ಡುಗಳಿಗೆ ಒಯ್ಯಬೇಕು. ಐಟಿಐ ವೆಲ್ಡರ್ ತರಗತಿಗಳಲ್ಲಿ, ಇಎಸ್ಐ ಆಸ್ಪತ್ರೆಗಳ ವೈದ್ಯರ ತರಬೇತಿಯಲ್ಲಿ ಇದಕ್ಕೆ ಒಂದು ಪಾಠ ಮೀಸಲಿಡಬೇಕು. ಕ್ಲೋರಿನ್ ದ್ರಾವಕ ಇರುವ ಯಾವುದೇ ಡಬ್ಬಿ, ಅದು ಎಲ್ಲಿಯೇ ತಯಾರಾಗಿರಲಿ, ಕರ್ನಾಟಕದಲ್ಲಿ ಮಾರಾಟವಾಗುವಾಗ ‘ಇದನ್ನು ಹಾಕಿದ ಲೋಹಕ್ಕೆ ವೆಲ್ಡಿಂಗ್ ಮಾಡಬೇಡಿ, ವಿಷಾನಿಲ ಹುಟ್ಟುತ್ತದೆ’ ಎಂಬ ಕನ್ನಡದ ಚೀಟಿ, ಓದು ಬಾರದವರಿಗಾಗಿ ಒಂದು ಚಿತ್ರದೊಂದಿಗೆ, ಅದರ ಮೇಲೆ ಇರಲೇಬೇಕೆಂದು ಸರ್ಕಾರ ಆದೇಶ ಹೊರಡಿಸಬೇಕು. ಆದೇಶ ಬರುವವರೆಗೆ ಗ್ಯಾರೇಜ್ ಮಾಲೀಕರು ತಮ್ಮಲ್ಲಿರುವ ಡಬ್ಬಿಗಳನ್ನು ಇಂದೇ ತೆಗೆದು ನೋಡಲಿ. ಹೆಸರಿನಲ್ಲಿ ಎಲ್ಲಿಯಾದರೂ ‘ಕ್ಲೋರೊ’ ಅಥವಾ ‘ಕ್ಲೋರೈಡ್’ ಕಂಡರೆ ಅದನ್ನು ವೆಲ್ಡಿಂಗ್ ಶೆಡ್ಡಿನಿಂದ ಹೊರಗೆ ಹಾಕಲಿ.