ಐದು ವಾಟಿನ ದನಿ

ಮೈಸೂರಿನಲ್ಲಿರುವ ನಮ್ಮ ಹಳೆಯ ಓದುಗರಾದ ಹಿರಿಯ ಗೃಹಿಣಿಯೊಬ್ಬರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿರುವರು. ಅವರ ಮಗನ ಸಂಸಾರವು ಅಮೆರಿಕಾ ದೇಶದ ಕನೆಕ್ಟಿಕಟ್ ಪ್ರಾಂತದಲ್ಲಿ ನೆಲೆಸಿದೆ. ಹದಿನಾರು ವರ್ಷದ ಮೊಮ್ಮಗನು ಜೂನ್ ತಿಂಗಳಿನ ಒಂದು ಶನಿವಾರ ಮನೆಯ ಹಾಸಿಗೆಯನ್ನು ಬಿಟ್ಟು, ಊರಾಚೆಯ ಬಯಲಿನಲ್ಲಿ ಗೆಳೆಯರೊಡನೆ ಗುಡಾರ ಹೂಡಿ, ಒಂದು ಬ್ಯಾಟರಿ, ಒಂದು ಪುಟ್ಟ ರೇಡಿಯೋ ಯಂತ್ರ, ಒಂದು ಸುರುಳಿ ತಂತಿ, ಇಷ್ಟನ್ನೇ ನಂಬಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟು, ಕಂಡರಿಯದವರನ್ನು ಕೂಗುತ್ತ ಕುಳಿತಿದ್ದನಂತೆ. “ಜೇಬಿನೊಳಗೆ ದೂರವಾಣಿ ಇದೆ. ಬೆರಳು ತಾಗಿಸಿದರೆ ನನ್ನ ಮುಖವೇ ಅವನಿಗೆ ಕಾಣುತ್ತದೆ. ಹೀಗಿರುವಾಗ ಮಳೆಯಲ್ಲಿ ನೆನೆದುಕೊಂಡು ಈ ಕಷ್ಟವೇಕೆ? ಇದು ಆಟವೋ ಹುಚ್ಚೋ, ನೀವೇ ಹೇಳಿರಿ” ಎಂದು ಆ ತಾಯಿ ಕೇಳಿದ್ದಾರೆ.

ಪ್ರಶ್ನೆ ನ್ಯಾಯವಾದುದು. ಇದು ಆಟವೂ ಹೌದು, ಸ್ವಲ್ಪ ಹುಚ್ಚೂ ಹೌದು. ಆದರೆ ಅಷ್ಟೇ ಅಲ್ಲವೆಂಬುದನ್ನು ಹೇಳುವುದಕ್ಕಾಗಿ ಈ ತಿಂಗಳ ನಮ್ಮ ಪುಟವನ್ನು ಮೀಸಲಿಡುತ್ತೇವೆ.

ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ, ತಮ್ಮ ಸ್ವಂತ ಯಂತ್ರಗಳಿಂದ ಒಬ್ಬರೊಡನೊಬ್ಬರು ಸಂಭಾಷಿಸುವವರಿಗೆ ಹವ್ಯಾಸಿ ರೇಡಿಯೋಗಾರರೆಂದು ಹೆಸರು. ಅಮೆರಿಕೆಯಲ್ಲಿ ಇವರ ದೊಡ್ಡ ಸಂಘವಾದ ಅಮೆರಿಕನ್ ರೇಡಿಯೋ ರಿಲೇ ಲೀಗ್ 1914ರಲ್ಲಿ ಸ್ಥಾಪಿತವಾಯಿತು. ಈ ಸಂಘದವರು 1933ನೆಯ ಇಸವಿ ಜೂನ್ ತಿಂಗಳಿನಲ್ಲಿ “ಫೀಲ್ಡ್ ಡೇ”, ಅಂದರೆ ಬಯಲು ದಿನ, ಎಂಬ ಪದ್ಧತಿಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಹವ್ಯಾಸಿಗಳ ಯಂತ್ರಗಳೆಲ್ಲ ಮೌನವಾಗಿದ್ದ ವರ್ಷಗಳನ್ನು ಬಿಟ್ಟರೆ ಅದು ಇಂದಿಗೂ ನಡೆದುಬಂದಿದೆ. ಜೂನ್ ತಿಂಗಳ ನಾಲ್ಕನೆಯ ಶನಿವಾರ ಭಾನುವಾರಗಳಲ್ಲಿ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಸಾವಿರಾರು ಮಂದಿ ಮನೆ ಬಿಟ್ಟು ಬೆಟ್ಟ, ಬಯಲು, ಉದ್ಯಾನಗಳಿಗೆ ಹೋಗಿ, ಮರಗಳಿಗೆ ತಂತಿ ಕಟ್ಟಿ, ಒಂದು ಹಗಲು ಒಂದು ರಾತ್ರಿಯ ಅವಧಿಯಲ್ಲಿ ಎಷ್ಟು ಮಂದಿಯೊಡನೆ ಮಾತನಾಡಬಹುದೆಂದು ನೋಡುವರು. ಮಾತೂ ಬಹಳವಿಲ್ಲ. ತಮ್ಮ ಕರೆಹೆಸರು, ತಮ್ಮ ತಂಡದ ದರ್ಜೆ, ತಾವಿರುವ ಪ್ರಾಂತ, ಇಷ್ಟನ್ನು ಹೇಳಿ, ಎದುರಿನವರಿಂದ ಅಷ್ಟನ್ನೇ ಕೇಳಿ ಬರೆದುಕೊಂಡರೆ ಒಂದು ಸಂಪರ್ಕವಾಯಿತು.

ಈ ಆಟದ ನಿಬಂಧನೆಗಳಲ್ಲಿ ನಮ್ಮ ಮನಸ್ಸನ್ನು ಸೆಳೆದುದು ಒಂದು ವಿಚಿತ್ರವಾದ ಲೆಕ್ಕ. ಬಾಯಿಮಾತಿನ ಸಂಪರ್ಕಕ್ಕೆ ಒಂದು ಅಂಕ, ಮೋರ್ಸ್ ಸಂಕೇತದ ಸಂಪರ್ಕಕ್ಕೆ ಎರಡು. ಹೀಗೆ ಗಳಿಸಿದುದನ್ನು, ನೂರು ವಾಟಿನವರೆಗೆ ಶಕ್ತಿಯನ್ನು ಬಳಸುವವರು ಎರಡರಿಂದ ಗುಣಿಸಿಕೊಳ್ಳಬಹುದು. ಆದರೆ ಐದು ವಾಟಿಗೆ ಮೀರದಂತೆ ಶಕ್ತಿಯನ್ನು ಇಳಿಸಿ, ಊರಿನ ವಿದ್ಯುತ್ತನ್ನಾಗಲಿ ಎಣ್ಣೆಯ ಯಂತ್ರದ ವಿದ್ಯುತ್ತನ್ನಾಗಲಿ ಮುಟ್ಟದೆ, ಬ್ಯಾಟರಿ ಅಥವಾ ಸೂರ್ಯನ ಬೆಳಕಿನಿಂದಲೇ ನಡೆಸಿದವರು ಐದರಿಂದ ಗುಣಿಸಿಕೊಳ್ಳುವರು. ಸಂಕೇತದಲ್ಲಿ ನಾನೂರು ಮಂದಿಯನ್ನು ಮುಟ್ಟಿದ ನೂರು ವಾಟಿನವನಿಗೆ 1600 ಅಂಕ ಬಂದರೆ, ಇನ್ನೂರು ಮಂದಿಯನ್ನು ಮಾತ್ರ ಮುಟ್ಟಿದ ಐದು ವಾಟಿನವನಿಗೆ 2000. ಲೋಕದ ಆಟಗಳೆಲ್ಲ ಬಲವಿದ್ದವನಿಗೆ ಬಹುಮಾನ ಕೊಡುವಾಗ, ಇಲ್ಲಿ ಬಲವನ್ನು ಬಿಟ್ಟುಕೊಟ್ಟವನಿಗೆ ಬಹುಮಾನ!

ಐದು ವಾಟ್ ಎಂದರೆ ಎಷ್ಟು? ಇಂದು ನಾವು ಪಡಸಾಲೆಯಲ್ಲಿ ಹಚ್ಚುವ ಸಾಮಾನ್ಯ ಎಲ್.ಇ.ಡಿ. ದೀಪವೇ ಒಂಬತ್ತು ವಾಟಿನದು. ಅದರ ಅರ್ಧದಷ್ಟು ಶಕ್ತಿಯಲ್ಲಿ ನೂರಾರು, ಒಮ್ಮೊಮ್ಮೆ ಸಾವಿರಾರು ಮೈಲಿಗಳಾಚೆಗೆ ದನಿ ಹೋಗುವುದೆಂದರೆ ಯಾರಾದರೂ ಹುಬ್ಬೇರಿಸಬೇಕಾದುದೇ. ಇದರ ಗುಟ್ಟು ಆಕಾಶದಲ್ಲಿದೆ. ಭೂಮಿಯಿಂದ ಸುಮಾರು ನೂರು ಕಿಲೋಮೀಟರಿಗೂ ಮೇಲೆ, ಸೂರ್ಯನ ಕಿರಣಗಳಿಂದ ವಿದ್ಯುತ್ಕಣಗಳಾಗಿ ಒಡೆದ ವಾಯುವಿನ ಪದರಗಳುಂಟು. ಕಿರುತರಂಗಗಳು ಅವುಗಳಲ್ಲಿ ಬಾಗಿ ಮತ್ತೆ ದೂರದ ನೆಲಕ್ಕೆ ಇಳಿಯುವುವು. ಗಳಿಗೆಯನ್ನೂ ತರಂಗವನ್ನೂ ಅರಿತು ಕಳುಹಿಸಿದರೆ ಸಣ್ಣ ದನಿಯನ್ನೂ ಆಕಾಶವೇ ಹೊತ್ತುಕೊಂಡು ಹೋಗುತ್ತದೆ. ಅರಿಯದೆ ಕಳುಹಿಸಿದರೆ ದೊಡ್ಡ ದನಿಯೂ ವ್ಯರ್ಥ.

ಇನ್ನೊಂದು ಮಾತು. ಶಕ್ತಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಕೇಳುವವನಿಗೆ ದನಿಯೂ ಅಷ್ಟೇ ಕುಗ್ಗುವುದೆಂದು ನಾವು ಎಣಿಸುವೆವು. ಹಾಗಲ್ಲ. ಕೇಳುವ ಯಂತ್ರದ ಅಳತೆಯಲ್ಲಿ ಒಂದು ಗುರುತು ಇಳಿಯಬೇಕಾದರೆ ಶಕ್ತಿಯು ನಾಲ್ಕರಲ್ಲೊಂದು ಪಾಲಾಗಬೇಕು. ನೂರು ವಾಟಿನಿಂದ ಐದಕ್ಕೆ ಬಂದರೆ ಎರಡು ಗುರುತಿಗಿಂತ ಸ್ವಲ್ಪ ಹೆಚ್ಚು ಇಳಿಯುವುದು, ಅಷ್ಟೇ. ಆ ಎರಡು ಗುರುತಿನ ಕೊರತೆಯನ್ನು ತುಂಬತಕ್ಕವು ಸರಿಯಾಗಿ ಅಳೆದು ಎತ್ತರಕ್ಕೆ ಕಟ್ಟಿದ ತಂತಿ, ಕಡಿಮೆ ಶಕ್ತಿಯಲ್ಲೂ ಗದ್ದಲವನ್ನು ದಾಟಬಲ್ಲ ಮೋರ್ಸ್ ಸಂಕೇತ, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆಯ ಕಿವಿ. ಬರಿದೆ ಗಟ್ಟಿಯಾಗಿ ಕೂಗಿ, ಉತ್ತರ ಬಂದರೂ ಕೇಳಿಸಿಕೊಳ್ಳದವನಿಗೆ ಈ ಹವ್ಯಾಸಿಗಳು “ಮೊಸಳೆ” ಎಂದು ಅಡ್ಡಹೆಸರಿಟ್ಟಿದ್ದಾರೆ. ಅದರ ಬಾಯಿ ದೊಡ್ಡದು, ಕಿವಿ ಕಾಣದು. ಐದು ವಾಟಿನವನು ಮೊಸಳೆಯಾಗಲಾರ. ದೊಡ್ಡವರ ದನಿಗಳು ಅಡಗುವವರೆಗೆ ಕಾದು, ನಡುವೆ ದೊರೆತ ಒಂದು ಕ್ಷಣದಲ್ಲಿ ತನ್ನ ಹೆಸರನ್ನು ನುಸುಳಿಸಬೇಕು. ಅವನು ಮೊದಲು ಕೇಳುವುದನ್ನು ಕಲಿಯುತ್ತಾನೆ.

ಇದೇ ಜಾತಿಯ ಆಟಗಳು ಇನ್ನೂ ಕೆಲವುಂಟು. 2002ರ ಮಾರ್ಚಿಯಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ “ಶಿಖರಗಳಿಂದ ರೇಡಿಯೋ” ಎಂಬ ಯೋಜನೆಯಲ್ಲಿ, ಹವ್ಯಾಸಿಯು ತನ್ನ ಯಂತ್ರವನ್ನು ತಾನೇ ಹೊತ್ತು ಶಿಖರವನ್ನೇರಿ, ಕಡಿಮೆಯೆಂದರೆ ನಾಲ್ಕು ಸಂಪರ್ಕಗಳನ್ನು ಪಡೆದರೆ ಮಾತ್ರ ಅಂಕ. ಮೋಟಾರಿನೊಳಗೆ ಕುಳಿತು ಮಾತನಾಡಿದರೆ ಲೆಕ್ಕಕ್ಕಿಲ್ಲ. ಅರಿಜೋನಾ ಪ್ರಾಂತದ ಒಂದು ಸಂಘದವರು ಫೆಬ್ರವರಿ ತಿಂಗಳಿಗೆ ಗೊತ್ತುಮಾಡಿದ ಪಂದ್ಯದಲ್ಲಿ, ಕುಳಿತ ಸ್ಥಳದಲ್ಲಿ ಚಳಿ ಹೆಚ್ಚಿದಷ್ಟೂ ಅಂಕ ಹೆಚ್ಚು!

ಮಗುವನ್ನು ಚಳಿ ಮಳೆಗೆ ಒಡ್ಡಿ ಅಂಕ ಕೊಡುವುದು ಸರಿಯೆ ಎಂದು ಅಜ್ಜಿಯ ಮನಸ್ಸು ಮತ್ತೆ ಕೇಳಬಹುದು. ಅದಕ್ಕೆ ಉತ್ತರವಾಗಿ ಆಟವಲ್ಲದ ಎರಡು ಸಂಗತಿಗಳನ್ನು ಹೇಳುತ್ತೇವೆ.

2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದರು ತಮ್ಮ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಅಲ್ಲಿಂದ ಹವ್ಯಾಸಿಗಳ ದನಿ ಹೊರಟು ಬಹಳ ವರ್ಷಗಳಾಗಿದ್ದುದರಿಂದ ಲೋಕದ ನಾನಾ ಕಡೆಯವರು ಅವರೊಡನೆ ಒಂದು ಮಾತಿಗಾಗಿ ಹಾತೊರೆಯುತ್ತಿದ್ದರು. ಅದೂ ಆಟವೇ. 26ನೆಯ ತಾರೀಖು ಬೆಳಗ್ಗೆ ಭೂಮಿ ನಡುಗಿತು. ಕಡಲು ಏರಿ ಬಂದಿತು. ದೂರವಾಣಿಗಳು ನಿಂತುಹೋದ ಆ ದ್ವೀಪದಲ್ಲಿ ಆಟದ ಯಂತ್ರವೇ ಆಸರೆಯಾಯಿತು. ಬದುಕಿದ್ದೇವೆ ಎಂಬ ಸುದ್ದಿಗಳನ್ನು ಆ ತಂಡದವರು ಹೊರಗಿನವರಿಗೆ ಮುಟ್ಟಿಸಿದರು.

2017ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತವು ಪೋರ್ಟೊ ರಿಕೊ ದ್ವೀಪಕ್ಕೆ ಅಪ್ಪಳಿಸಿದಾಗ ದ್ವೀಪದುದ್ದಕ್ಕೂ ದೀಪಗಳು ಆರಿದವು. ಕಿಸೆಯ ದೂರವಾಣಿಗಳ ಗೋಪುರಗಳಲ್ಲಿ ಬಹುಪಾಲು ಕೆಲಸ ನಿಲ್ಲಿಸಿದವು. ಅಮೆರಿಕೆಯ ರೆಡ್ ಕ್ರಾಸ್ ಸಂಸ್ಥೆಯ ಕೋರಿಕೆಯಂತೆ, ನಾವು ಮೇಲೆ ಹೇಳಿದ ಸಂಘವು 22 ಮಂದಿ ಹವ್ಯಾಸಿಗಳನ್ನು ಅಲ್ಲಿಗೆ ಕಳುಹಿಸಿತು. ಕತ್ತಲೆಯಲ್ಲಿ ತಂತಿ ಕಟ್ಟುವುದು, ಬ್ಯಾಟರಿಯನ್ನು ಕಾಯ್ದುಕೊಂಡು ಬಳಸುವುದು, ಗದ್ದಲದ ನಡುವೆ ಒಂದು ಹೆಸರನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು, ಇವು ಅಂಥ ದಿನ ಹೊಸದಾಗಿ ಕಲಿಯತಕ್ಕ ವಿದ್ಯೆಗಳಲ್ಲ. ಜೂನ್ ತಿಂಗಳ ಬಯಲಿನಲ್ಲಿ ನಗುತ್ತ ಕಲಿತವರಿಗೆ ಮಾತ್ರ ಆಗ ಕೈಗೆ ಬರುವುವು.

ಬಯಲು ದಿನದಲ್ಲಿ ಸಂದೇಶಗಳನ್ನು ಕ್ರಮವಾಗಿ ಸಾಗಿಸಿದರೆ ಒಂದೊಂದಕ್ಕೆ ಹತ್ತು ಅಂಕಗಳುಂಟು. ಸಂದೇಶದ ಪದಗಳನ್ನು ಎಣಿಸಿ, ಸಂಖ್ಯೆಯನ್ನು ಮೊದಲೇ ತಿಳಿಸಿ, ಕೇಳಿದವನು ತಾನೂ ಎಣಿಸಿ ಹೊಂದಿಸಿ ನೋಡತಕ್ಕದ್ದು. ನಮ್ಮ ದೇಶದಲ್ಲಿ 2013ರ ಜುಲೈಯಲ್ಲಿ ನಿಂತುಹೋದ ತಂತಿಸಮಾಚಾರವನ್ನು ಬಲ್ಲ ಹಿರಿಯರಿಗೆ ಇದರ ಬೆಲೆ ತಿಳಿಯುವುದು. ಒಂದು ಪದ ತಪ್ಪಿದರೆ ಒಂದು ಮನೆಯ ನಿದ್ದೆ ಹೋಗುವ ಕಾಲವನ್ನು ಅವರು ಕಂಡವರು.

ಮೈಸೂರಿನವರಿಗೆ ಈ ಹುಚ್ಚು ಹೊಸದೂ ಅಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ನಡೆಸಿದರು. ಆಕಾಶವಾಣಿಯೆಂಬ ಹೆಸರು ಆ ಮನೆಯ ಕೇಂದ್ರಕ್ಕೆ ಇಟ್ಟದ್ದು.

ಕಡೆಯದಾಗಿ ಆ ತಾಯಿಗೆ ನಮ್ಮ ಸಲಹೆ. ಮೊಮ್ಮಗನನ್ನು ತಡೆಯಬೇಡಿರಿ. ಆದರೆ ಎರಡು ಮಾತುಗಳನ್ನು ಕಟ್ಟುನಿಟ್ಟಾಗಿ ಹೇಳಿರಿ. ವಿದ್ಯುತ್ ಕಂಬಗಳ ತಂತಿ ಹಾದುಹೋಗುವೆಡೆಯಲ್ಲಿ ಎಂದಿಗೂ ತನ್ನ ತಂತಿಯನ್ನು ಎಸೆಯಕೂಡದು. ತಗುಲಿದರೆ ಪ್ರಾಣಕ್ಕೆ ಬರುವುದು. ಗುಡುಗು ಕೇಳಿದ ಕೂಡಲೆ, ಅಂಕ ಎಷ್ಟೇ ಬಾಕಿಯಿರಲಿ, ಯಂತ್ರವನ್ನೂ ಗುಡಾರವನ್ನೂ ಬಿಟ್ಟು ಗಟ್ಟಿಯಾದ ಕಟ್ಟಡದೊಳಕ್ಕೆ ಸೇರತಕ್ಕದ್ದು. ತಂತಿಯನ್ನು ಇಳಿಸುವ ಕೆಲಸ ಮೋಡ ಕವಿಯುವ ಮೊದಲೇ ಆಗಬೇಕು. ಸಿಡಿಲು ಬಂದ ಮೇಲೆ ಅದನ್ನು ಮುಟ್ಟಲಾಗದು.

ಇದ್ದಷ್ಟರಲ್ಲಿ ಸಂಸಾರ ತೂಗಿಸುವುದನ್ನು ಬಲ್ಲ ಗೃಹಿಣಿಗೆ ಐದು ವಾಟಿನ ಗುಟ್ಟನ್ನು ನಾವು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಮುಂದಿನ ಬಾರಿ ಹುಡುಗನು ಬಯಲಿನಿಂದ ಮರಳಿ ನಿಮ್ಮೊಡನೆ ಮಾತನಾಡುವಾಗ, ಎಷ್ಟು ಅಂಕ ಬಂದಿತೆಂದು ಕೇಳಬೇಡಿರಿ. ಎಲ್ಲಕ್ಕಿಂತ ಸಣ್ಣಗೆ ಕೇಳಿಸಿದ ದನಿ ಯಾವುದು, ಅದನ್ನು ಹೇಗೆ ಹಿಡಿದೆ ಎಂದು ಕೇಳಿರಿ. ಅವನು ಬಹಳ ಹೊತ್ತು ಹೇಳುವನು.