ಮನೆವಾರ್ತೆ: ಹ್ಯಾಲೋವೀನ್ ಹಬ್ಬಕ್ಕೆ ಮಿತವ್ಯಯದ ಸಿಂಗಾರ

ಹಬ್ಬವು ಮನೆಗೆ ಕಳೆಯನ್ನು ತರಬೇಕೇ ಹೊರತು ಸಾಲವನ್ನು ತರಬಾರದೆಂಬುದು ಗೃಹಸ್ಥರೆಲ್ಲರೂ ಒಪ್ಪುವ ಮಾತು. ಆದರೂ ನೆರೆಮನೆಯ ಬಾಗಿಲು ಝಗಝಗಿಸುತ್ತಿರುವಾಗ ತಮ್ಮ ಬಾಗಿಲು ಬರಿದಾಗಿದ್ದರೆ ಮಕ್ಕಳ ಮೋರೆ ಬಾಡುವುದು. ಅದನ್ನು ನೋಡಲಾರದೆ ತಂದೆತಾಯಿಗಳು ಹಣದ ಚೀಲವನ್ನು ಬಿಚ್ಚುವರು. ಅಮೆರಿಕದಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಈ ಇಕ್ಕಟ್ಟು ಅಕ್ಟೋಬರ್ ತಿಂಗಳಲ್ಲಿ ವಿಶೇಷವಾಗಿ ಒದಗುವುದು. ನವರಾತ್ರಿಯ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿ ಹೆಚ್ಚು ದಿನ ಕಳೆಯುವುದಿಲ್ಲ, ಹ್ಯಾಲೋವೀನ್ ಬರುವುದು. ಅದರ ಹಿಂದೆಯೋ ಮುಂದೆಯೋ ದೀಪಾವಳಿ. ೨೦೨೪ರಲ್ಲಂತೂ ಎರಡು ಹಬ್ಬಗಳ ದೀಪಗಳೂ ಅಕ್ಟೋಬರ್ ೩೧ರ ಒಂದೇ ಸಂಜೆ ಬೆಳಗಿದವು.

ಸಿಂಗಾರಕ್ಕೆ ಕೈಹಾಕುವ ಮುನ್ನ ಹಬ್ಬದ ಮೂಲವನ್ನು ಅರಿಯುವುದು ಲೇಸು. ನವೆಂಬರ್ ೧ ಕ್ರೈಸ್ತರಿಗೆ ಸಕಲ ಸಂತರ ಹಬ್ಬ. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಸುಗ್ಗಿ ಮುಗಿದು ಚಳಿಗಾಲವು ಕಾಲಿಡುವ ಆ ರಾತ್ರಿಯಲ್ಲಿ ಪ್ರೇತಗಳು ಸಂಚರಿಸುವುವೆಂದು ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳ ಹಳ್ಳಿಗರು ನಂಬಿದ್ದರು. ಅವರು ಹೊಲದ ಟರ್ನಿಪ್ ಗಡ್ಡೆಯನ್ನು ಕೊರೆದು, ವಿಕಾರವಾದ ಮುಖವನ್ನು ಕೆತ್ತಿ, ಒಳಗೆ ದೀಪವನ್ನಿಡುತ್ತಿದ್ದರು. ೧೯ನೆಯ ಶತಮಾನದಲ್ಲಿ ಅವರಲ್ಲಿ ಅನೇಕರು ಅಮೆರಿಕಕ್ಕೆ ವಲಸೆ ಹೋದರು. ಅಲ್ಲಿಯ ಸಿಹಿಗುಂಬಳವು ಗಾತ್ರದಲ್ಲಿ ದೊಡ್ಡದು, ಕೊರೆಯಲು ಸುಲಭ; ಆದುದರಿಂದ ಗಡ್ಡೆಯ ಸ್ಥಾನವನ್ನು ಅದು ಪಡೆಯಿತು. ನಮ್ಮ ನಾಡಿನಲ್ಲಿಯೂ ದೃಷ್ಟಿ ತಾಗದಿರಲೆಂದು ಬೂದುಗುಂಬಳಕ್ಕೆ ರಾಕ್ಷಸನ ಮೋರೆಯನ್ನು ಬರೆದು ಮನೆಯ ಮುಂದೆ ಕಟ್ಟುವುದುಂಟಷ್ಟೆ. ಎರಡು ಪದ್ಧತಿಗಳಿಗೂ ನಂಟಿಲ್ಲವಾದರೂ, ಊರಿನಿಂದ ಬಂದಿರುವ ಅಜ್ಜಿಗೆ ಮೊಮ್ಮಕ್ಕಳ ಕುಂಬಳಕಾಯಿಯು ತೀರ ಅಪರಿಚಿತವೆನಿಸಲಾರದು.

ಹೀಗೆ ಈ ಸಿಂಗಾರವು ಬಡವರ ಹೊಲದಲ್ಲಿ ಹುಟ್ಟಿದುದು. ಅಂಗಡಿಯು ಅದರೊಳಕ್ಕೆ ಬಂದುದು ತರುವಾಯ. ಮ್ಯಾಸಚೂಸೆಟ್ಸ್ ಪ್ರಾಂತದ ಡೆನ್ನಿಸನ್ ಎಂಬ ಕಾಗದದ ಕಂಪೆನಿಯು ತನ್ನ ಬಣ್ಣದ ಕಾಗದದ ಮಾರಾಟಕ್ಕಾಗಿ ೧೯೦೯ರಲ್ಲಿ ಹ್ಯಾಲೋವೀನ್ ಅಲಂಕಾರದ ಕೈಪಿಡಿಯೊಂದನ್ನು ಹೊರಡಿಸಿತು. ೨೦೨೦ರಲ್ಲಿ ೧೨ ಅಡಿ ಎತ್ತರದ ಅಸ್ಥಿಪಂಜರವೊಂದು ೨೯೯ ಡಾಲರು ಬೆಲೆಗೆ ಮಾರುಕಟ್ಟೆಗೆ ಬಂದಿತು. ೨೦೨೩ರಲ್ಲಿ ಅಮೆರಿಕದ ಜನರು ಈ ಹಬ್ಬದ ಅಲಂಕಾರಕ್ಕೊಂದಕ್ಕೇ ೩೯೦ ಕೋಟಿ ಡಾಲರು ವೆಚ್ಚ ಮಾಡುವರೆಂದು ಅಲ್ಲಿಯ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಸಂಘವು ಅಂದಾಜು ಮಾಡಿತ್ತು.

ಆದರೆ ವೇಷ ತೊಟ್ಟ ಮಕ್ಕಳು ಮನೆಮನೆಗೆ ಮಿಠಾಯಿ ಕೇಳಲು ಬರುವಾಗ ನೋಡುವುದು ಅಸ್ಥಿಪಂಜರದ ಎತ್ತರವನ್ನಲ್ಲ, ಬಾಗಿಲ ದೀಪವನ್ನು. ದೀಪ ಉರಿಯುತ್ತಿದ್ದರೆ 'ಬನ್ನಿ' ಎಂದರ್ಥ. ಕತ್ತಲಿದ್ದರೆ ಮುಂದಿನ ಮನೆಗೆ ಹೋಗುವರು. ಒಂದು ದೀಪ, ಒಂದು ಕುಂಬಳಕಾಯಿ, ಬಾಗಿಲಲ್ಲಿ ನಗುಮುಖ: ಹಬ್ಬಕ್ಕೆ ಅವಶ್ಯವಾದುದು ಇಷ್ಟೇ. ಮಿಕ್ಕುದನ್ನು ಮನೆಯಲ್ಲಿರುವ ವಸ್ತುಗಳಿಂದಲೇ ಒದಗಿಸಿಕೊಳ್ಳಬಹುದು.

ಕುಂಬಳಕಾಯಿಯ ಮುಚ್ಚಳವನ್ನು ಕತ್ತರಿಸುವಾಗ ಚಾಕುವನ್ನು ಒಳಮುಖವಾಗಿ ಓರೆ ಹಿಡಿದರೆ ಮುಚ್ಚಳವು ಒಳಕ್ಕೆ ಬೀಳುವುದಿಲ್ಲ. ಬೀಜವನ್ನೂ ನಾರನ್ನೂ ಚಮಚದಿಂದ ಕೆರೆದು ತೆಗೆದು, ಮುಖ ಕೆತ್ತುವ ಕಡೆ ಸುಮಾರು ಒಂದು ಅಂಗುಲ ದಪ್ಪವನ್ನು ಉಳಿಸತಕ್ಕದ್ದು. ಮುಖವನ್ನು ಮಕ್ಕಳು ಬರೆಯಲಿ, ಚಾಕು ಹಿರಿಯರ ಕೈಯಲ್ಲಿರಲಿ. ಕೆತ್ತಿದ ಕಾಯಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುವುದರಿಂದ ಹಬ್ಬಕ್ಕೆ ಎರಡು ದಿನವಿರುವಾಗ ಕೆತ್ತಿದರೆ ಸಾಕು. ತೆಗೆದ ಬೀಜವನ್ನು ತೊಳೆದು, ಒಣಗಿಸಿ, ಉಪ್ಪು ಸೇರಿಸಿ ಹುರಿದರೆ ಒಳ್ಳೆಯ ತಿನಿಸಾಗುವುದು. ಇನ್ನೊಂದೆರಡು ಬೇಕೆನಿಸಿದರೆ ಅಡಿಗೆಗೆ ಒದಗುವ ಚಿಕ್ಕ ಕಾಯಿಗಳನ್ನೇ ತಂದು, ಕೆತ್ತದೆ, ಕಪ್ಪು ಕಾಗದದ ಕಣ್ಣು ಮೂಗುಗಳನ್ನು ಅಂಟಿಸಿಡಿರಿ. ಹಬ್ಬ ಮುಗಿದ ಮೇಲೆ ಅವು ಹುಳಿಗೂ ಕಡುಬಿಗೂ ಆಗುವುವು.

ಭೂತಕ್ಕೆ ಹಳೆಯ ಬಿಳಿಯ ಪಂಚೆಯೊಂದು ಸಾಕು. ವೃತ್ತಪತ್ರಿಕೆಯನ್ನು ಉಂಡೆ ಮಾಡಿ ತಲೆಯ ಸ್ಥಾನದಲ್ಲಿರಿಸಿ, ಕೆಳಗೆ ದಾರ ಕಟ್ಟಿ, ಮರದ ಕೊಂಬೆಗೆ ತೂಗುಬಿಟ್ಟರೆ ಗಾಳಿಯೇ ಅದನ್ನು ಕುಣಿಸುವುದು. ಹಾಲಿನ ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನು ತೊಳೆದು, ಕಪ್ಪು ಮಸಿಯಿಂದ ಮುಖ ಬರೆದು, ಒಳಗೆ ಸಣ್ಣ ವಿದ್ಯುದ್ದೀಪಗಳ ಸರವನ್ನಿಟ್ಟರೆ ದಾರಿಯುದ್ದಕ್ಕೂ ಪುಟ್ಟ ಭೂತಗಳ ಸಾಲು ಸಿದ್ಧವಾಗುವುದು. ಕಪ್ಪು ಕಾಗದವನ್ನು ಮಡಿಸಿ ಕತ್ತರಿಸಿದರೆ ಬಾವಲಿ. ಅಂಗಳದಲ್ಲಿ ಉದುರಿದ ಕೆಂಪು ಹಳದಿ ಎಲೆಗಳನ್ನು ಪೋಣಿಸಿದರೆ ತೋರಣ. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಮಕ್ಕಳಿಗೆ ದೊರೆಯುವ ಸಂತೋಷವಾದರೋ ಅಂಗಡಿಯಿಂದ ತಂದ ಬೊಂಬೆಗಿಂತ ಹೆಚ್ಚಿನದು, ಏಕೆಂದರೆ 'ಇದನ್ನು ನಾನು ಮಾಡಿದೆ' ಎಂದು ಹೇಳಿಕೊಳ್ಳಬಹುದು.

ಎರಡು ಎಚ್ಚರಿಕೆಗಳನ್ನು ಹೇಳುವುದು ನಮ್ಮ ಕರ್ತವ್ಯ. ಕಾಗದ, ಬಟ್ಟೆ, ಒಣಗಿದ ಎಲೆಗಳ ಬಳಿ ಮೇಣದ ಬತ್ತಿಯನ್ನು ಇಡಲೇಕೂಡದು. ಜೋಲಾಡುವ ವೇಷದ ಮಕ್ಕಳು ಓಡಾಡುವ ಬಾಗಿಲಲ್ಲಿ ಬ್ಯಾಟರಿಯ ದೀಪವೇ ಕ್ಷೇಮಕರ. ಅಂಗಡಿಯಲ್ಲಿ ದೊರೆಯುವ ಕೃತಕ ಜೇಡರಬಲೆಯನ್ನು ಗಿಡಮರಗಳ ಮೇಲೆ ಹರಡಿದರೆ ಹಕ್ಕಿಗಳು ಅದರಲ್ಲಿ ಸಿಕ್ಕಿಕೊಳ್ಳುವುವು. ಅದು ಮನೆಯೊಳಗೇ ಇರಲಿ.

ಮಿತವ್ಯಯದ ಜೊತೆಗೆ ದಯೆಯನ್ನೂ ತೋರುವ ಅಲಂಕಾರವೊಂದುಂಟು. ಕಡಲೆಕಾಯಿ, ಹಾಲು ಮೊದಲಾದುವು ಒಗ್ಗದ ಮಕ್ಕಳಿಗೆ ಹೆಚ್ಚಿನ ಮಿಠಾಯಿಗಳು ಅಪಾಯಕರ. ಅಂಥವರಿಗಾಗಿ ಪೆನ್ಸಿಲು, ಗೋಲಿ ಮುಂತಾದ ಸಾಮಾನುಗಳನ್ನು ಇಟ್ಟಿರುವ ಮನೆಯವರು ಹಸುರುಮಿಶ್ರಿತ ನೀಲಿ ಬಣ್ಣ ಬಳಿದ ಕುಂಬಳಕಾಯಿಯನ್ನು ಬಾಗಿಲಲ್ಲಿಡುವ ಪದ್ಧತಿಯು ೨೦೧೪ರಿಂದ ಅಮೆರಿಕದಲ್ಲಿ ಹರಡಿದೆ. ಒಂದು ಡಬ್ಬಿ ಬಣ್ಣದಿಂದ ಇಷ್ಟು ಪುಣ್ಯ ದೊರೆಯುವುದಾದರೆ ಯಾರು ತಾನೆ ಬೇಡವೆನ್ನುವರು?

ಕೊನೆಯದಾಗಿ, ದೀಪದ ಸರವನ್ನು ಕೊಳ್ಳಲೇಬೇಕಾದರೆ ಕಿತ್ತಳೆಯ ಬಣ್ಣದ್ದನ್ನು ಬಿಟ್ಟು ಸಾದಾ ಬಿಳಿಯದನ್ನು ಕೊಳ್ಳಿರಿ. ಅಕ್ಟೋಬರ್ ೩೧ರಂದು ಭೂತಗಳ ಹೊಟ್ಟೆಯಲ್ಲಿ ಬೆಳಗಿದ ಆ ಸರವೇ ಮರುದಿನ ಕನ್ನಡ ರಾಜ್ಯೋತ್ಸವಕ್ಕೂ, ದೀಪಾವಳಿಯ ಸಂಜೆಗೂ ಬಾಗಿಲನ್ನು ಬೆಳಗುವುದು. ಒಮ್ಮೆ ಕೊಟ್ಟ ಹಣ ಮೂರು ಹಬ್ಬಗಳಿಗೆ ಒದಗುವಂತೆ ನಡೆಸುವವಳೇ ಜಾಣ ಗೃಹಿಣಿ.